ಒಂದು ಜನನ ಪುಟ, ನಾಲ್ಕು ಜನಗಣತಿ: ಸ್ಕಾಟ್ಲೆಂಡಿನ ಹಿರಿಯರನ್ನು ಹುಡುಕಲು ಯಾವುದು ಮೊದಲು?

ನನ್ನ ಮಾವನವರ ಅಜ್ಜ 1878ರ ಸುಮಾರಿಗೆ ಡಂಡೀ ನಗರದಲ್ಲಿ ಹುಟ್ಟಿದವರು, ಅವರ ತಂದೆತಾಯಿ ಬಂಗಾಳದಿಂದ ಹಡಗಿನಲ್ಲಿ ಬರುತ್ತಿದ್ದ ಸೆಣಬಿನ ಗಿರಣಿಗಳಲ್ಲಿ ದುಡಿದವರು ಎಂಬುದಷ್ಟೇ ಮನೆಯವರಿಗೆ ಗೊತ್ತಿತ್ತು. ಅಲ್ಲಿಂದ ಹಿಂದಕ್ಕೆ ಹೋಗಲು ಎರಡು ದಾರಿಗಳಿದ್ದವು. ಒಂದು, ಹತ್ತು ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಬರೆದುಕೊಂಡ ಜನಗಣತಿ; ಇನ್ನೊಂದು, 1855ರ ಜನವರಿ 1ರಂದು ಕಡ್ಡಾಯವಾಗಿ ಜಾರಿಗೆ ಬಂದ ಜನನ ನೋಂದಣಿ. ಒಂದೇ ಮನೆತನವನ್ನು ಎರಡೂ ದಾರಿಗಳಲ್ಲಿ ಹುಡುಕಿ ನೋಡಿದ ಮೇಲೆ, ಹಣವನ್ನು ಮೊದಲು ಜನನ ನೋಂದಣಿಗೇ ಖರ್ಚು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿದೆ.

ಮೂಲ ಪುಟಗಳ ಚಿತ್ರಗಳು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ತಾಣದಲ್ಲಿವೆ. ಅಲ್ಲಿ ಸೂಚಿಯನ್ನು ಹುಡುಕುವುದು ಉಚಿತ; ನಾನು ಹುಡುಕುತ್ತಿದ್ದಾಗ ಒಂದು ಪುಟವನ್ನು ತೆರೆಯಲು 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್ ಬೇಕಾಗುತ್ತಿತ್ತು. ಸೂಚಿಯಲ್ಲಿ ಆ ಹೆಸರಿನ ಮೂವರು ಗಂಡುಮಕ್ಕಳಿದ್ದರು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ಪದ್ಧತಿ ಅಲ್ಲಿ ವ್ಯಾಪಕವಾಗಿದ್ದುದರಿಂದ ಇಂಥ ಗೊಂದಲ ಸಾಮಾನ್ಯ. ನಾನು ಎರಡು ತಪ್ಪು ಪುಟಗಳನ್ನು ತೆರೆದ ಮೇಲೆ ಮೂರನೆಯದು ಸಿಕ್ಕಿತು.

ಆ ಪುಟವನ್ನು ನೋಡಿದಾಗ ಆದ ಸಂತೋಷವನ್ನು ಮರೆಯಲಾರೆ. ಮಗು ಹುಟ್ಟಿದ್ದು ರಾತ್ರಿ 11 ಗಂಟೆ 20 ನಿಮಿಷಕ್ಕೆ ಎಂದು ಬರೆದಿತ್ತು. ಸ್ಕಾಟ್ಲೆಂಡಿನ ನೋಂದಣಿಯಲ್ಲಿ ಪ್ರತಿಯೊಂದು ಮಗುವಿಗೂ ವೇಳೆಯನ್ನು ದಾಖಲಿಸುತ್ತಾರೆ. ಜಾತಕ ಬರೆಸುವ ಮನೆಯಿಂದ ಬಂದ ನನಗೆ ಇದು ತೀರ ಹತ್ತಿರದ ಸಂಗತಿಯೆನಿಸಿತು. ಅದರ ಪಕ್ಕದಲ್ಲಿ ತಾಯಿಯ ಹೆಸರು, ತವರಿನ ಅಡ್ಡಹೆಸರು, ತಂದೆತಾಯಿಯ ಮದುವೆಯಾದ ದಿನ ಮತ್ತು ಊರು ಇದ್ದವು. ಕೊನೆಯ ಅಂಕಣದಲ್ಲಿ ಸಹಿಯ ಬದಲಿಗೆ ತಾಯಿ ಹಾಕಿದ ಒಂದು ಕತ್ತರಿ ಗುರುತು, ಅದಕ್ಕೆ ಸಾಕ್ಷಿಯಾಗಿ ಇನ್ನೊಬ್ಬರ ಸಹಿ. ಮದುವೆಯ ದಿನ ತಿಳಿದದ್ದರಿಂದ 1874ರ ವಿವಾಹದ ಪುಟವನ್ನು ನೇರವಾಗಿ ತೆರೆದೆ. ಅದರಲ್ಲಿ ವಧೂವರರಿಬ್ಬರ ತಂದೆತಾಯಿಯರೂ, ಇಬ್ಬರು ತಾಯಂದಿರ ತವರಿನ ಅಡ್ಡಹೆಸರುಗಳ ಸಮೇತ ದೊರೆತರು. ಎರಡು ಪುಟಗಳಲ್ಲಿ ಎರಡು ತಲೆಮಾರು. ಗಮನಿಸಬೇಕಾದ ಒಂದು ಮಾತೆಂದರೆ, ಮದುವೆಯ ಈ ವಿವರ 1856ರಿಂದ 1860ರವರೆಗಿನ ಜನನ ಪುಟಗಳಲ್ಲಿ ಇರುವುದಿಲ್ಲ.

ಜನಗಣತಿಯಲ್ಲಿ ಇಷ್ಟು ನಿಖರತೆ ಇಲ್ಲ. ಆ ಮಗುವಿನ ತಂದೆಯ ವಯಸ್ಸು 1881ರಲ್ಲಿ 30, 1891ರಲ್ಲಿ 38, 1901ರಲ್ಲಿ 51 ಎಂದಿದೆ. ತಾಯಿಯ ಹುಟ್ಟೂರಿನ ಜಾಗದಲ್ಲಿ ಮೂರು ಸಲವೂ 'ಐರ್ಲೆಂಡ್' ಎಂಬ ಒಂದೇ ಪದ. 1881ರ ಮತ್ತು 1891ರ ಗಣತಿಗಳ ನಡುವೆ ಹುಟ್ಟಿ ತೀರಿಕೊಂಡ ಒಂದು ಹೆಣ್ಣುಮಗು ಜನನ ಮತ್ತು ಮರಣ ನೋಂದಣಿಗಳಲ್ಲಿ ಮಾತ್ರ ಇದೆ. ಗಣತಿಯನ್ನಷ್ಟೇ ನಂಬಿದ್ದರೆ ಅದು ಹುಟ್ಟಿತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಆದರೂ ಜನಗಣತಿಯ ಒಂದು ಮೂಲ ಪುಟವನ್ನಾದರೂ ಹಣ ಕೊಟ್ಟು ನೋಡಲೇಬೇಕು. ಚಂದಾ ಕಟ್ಟಿ ಓದುವ ಒಂದು ತಾಣದ ನಕಲಿನಲ್ಲಿ ಅಡ್ಡಹೆಸರಿನ ಮೊದಲಕ್ಷರವನ್ನೇ ತಪ್ಪಾಗಿ ಓದಿದ್ದರು. ಹೆಸರು, ವಯಸ್ಸು, ಕಸುಬುಗಳನ್ನು ಬಿಟ್ಟು ಬೇರೆ ಅಂಕಣಗಳೂ ಅದರಲ್ಲಿರಲಿಲ್ಲ. ಮೂಲ ಪುಟದಲ್ಲಿಯಾದರೋ, ಸ್ಕಾಟ್ಲೆಂಡಿನ ಗಣತಿದಾರರು 1861ರಿಂದ ಬರೆದುಕೊಂಡು ಬಂದ, ಕಿಟಕಿಯಿರುವ ಕೋಣೆಗಳ ಲೆಕ್ಕ ಇತ್ತು: ಏಳು ಜನ, ಒಬ್ಬ ಬಾಡಿಗೆಯವನೂ ಸೇರಿ, ಎರಡು ಕೋಣೆ. ಗಿರಣಿಯ ಬದುಕಿನ ಬಗ್ಗೆ ನಾನು ಓದಿದ್ದೆಲ್ಲಕ್ಕಿಂತ ಈ ಒಂದು ಅಂಕಿ ಹೆಚ್ಚು ಹೇಳಿತು.

1855ಕ್ಕಿಂತ ಹಿಂದಕ್ಕೆ ಹೋದಾಗ ನನ್ನ ಅಭಿಪ್ರಾಯ ತಲೆಕೆಳಗಾಗುತ್ತದೆ. ಅಲ್ಲಿ ಜನನ ನೋಂದಣಿ ಇಲ್ಲ. ಚರ್ಚ್ ಆಫ್ ಸ್ಕಾಟ್ಲೆಂಡಿನ ಹಳೆಯ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಪುಸ್ತಕಗಳಿವೆ, ಆದರೆ 1843ರಲ್ಲಿ ಆ ಚರ್ಚು ಒಡೆದು ಬಹಳಷ್ಟು ಕುಟುಂಬಗಳು ಹೊರಹೋದದ್ದರಿಂದ ಅನೇಕ ಮಕ್ಕಳ ದೀಕ್ಷಾಸ್ನಾನ ಅವುಗಳಲ್ಲಿ ದಾಖಲಾಗಿಲ್ಲ. 1841ರ ಗಣತಿಯೂ ಅಷ್ಟಾಗಿ ನೆರವಾಗುವುದಿಲ್ಲ, ಏಕೆಂದರೆ ಅದು ಮನೆಯವರ ಪರಸ್ಪರ ಸಂಬಂಧವನ್ನು ಹೇಳುವುದಿಲ್ಲ, ದೊಡ್ಡವರ ವಯಸ್ಸನ್ನೂ ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆಯುತ್ತದೆ. 1851ರ ಗಣತಿಯಲ್ಲಿ ಸಂಬಂಧವೂ ಹುಟ್ಟಿದ ಪ್ಯಾರಿಷ್ಷೂ ಇರುವುದರಿಂದ ನಾನು ಅದನ್ನೇ ಹಿಡಿದೆ. ಅದನ್ನು ಸ್ವಯಂಸೇವಕರು ನಕಲು ಮಾಡುತ್ತಿರುವ ಫ್ರೀಸೆನ್ ತಾಣದಲ್ಲಿ ಹಣವಿಲ್ಲದೆ ಹುಡುಕಬಹುದು. ಪ್ಯಾರಿಷ್ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಸಿಗದ, ಮುಂದೆ ಡಂಡೀಯ ಗಿರಣಿಗೆ ಹೋದ ಆ ತಂದೆ, 1851ರ ಮಾರ್ಚ್ 30ರ ರಾತ್ರಿ ಕಿರಿಮ್ಯೂರ್ ಎಂಬ ಪಟ್ಟಣದ ಒಂದು ಕೈಮಗ್ಗದ ನೇಕಾರರ ಮನೆಯಲ್ಲಿ, 4 ತಿಂಗಳ ಮಗುವಾಗಿ, ವಿವಾಹದ ಪುಟದಲ್ಲಿ ನಾನು ಕಂಡಿದ್ದ ಅದೇ ತಂದೆತಾಯಿಯ ಹೆಸರುಗಳ ಕೆಳಗೆ ಸಿಕ್ಕಿದರು.