ಎಎಕ್ಸ್3000 ವೈಫೈ ರೂಟರ್: ಮನೆಯೊಳಗೆ ಫೈಲ್ ಕಾಪಿ ಮಾಡುವವರಿಗೆ ಹೇಗಿದೆ? ಎರಡು ವರ್ಷ ಬಳಸಿದ ಮೇಲೆ

ಇದು ಇಂಟರ್ನೆಟ್ ಸ್ಪೀಡ್ ಬಗ್ಗೆ ಬರೆದ ವಿಮರ್ಶೆ ಅಲ್ಲ. ವಿಡಿಯೊ ನೋಡುವುದಕ್ಕೆ, ಮೀಟಿಂಗ್‌ಗೆ ಈ ರೂಟರ್ ಧಾರಾಳ ಸಾಕು. ನನ್ನ ಬಳಕೆ ಬೇರೆ. ಕ್ಯಾಮೆರಾದ ಫೋಟೊ, ವಿಡಿಯೊಗಳನ್ನು ಲ್ಯಾಪ್‌ಟಾಪ್‌ನಿಂದ ಮನೆಯ ನ್ಯಾಸ್‌ಗೆ (ನೆಟ್‌ವರ್ಕ್‌ಗೆ ಸೇರಿಸಿಟ್ಟ ಡಿಸ್ಕ್ ಪೆಟ್ಟಿಗೆ) ವೈಫೈನಲ್ಲಿ ಕಳಿಸುತ್ತಿರುತ್ತೇನೆ, ಕೆಲವು ಸಲ 50, 60 ಜಿಬಿ ಇರುತ್ತಿತ್ತು. ಆ ಕೆಲಸಕ್ಕೆ ಇದು ಹೇಗೆ ಅನ್ನುವುದಷ್ಟೇ ಇಲ್ಲಿದೆ. ಕಂಪನಿ ಹೆಸರು ಹಾಕುತ್ತಿಲ್ಲ, ಈ ದರ್ಜೆಯ ಬಹಳಷ್ಟು ರೂಟರ್‌ಗಳ ಹಣೆಬರಹ ಇದೇ.

ಮೊದಲು ಡಬ್ಬದ ಮೇಲಿನ 3000. ಅದು 2.4 ಗಿಗಾಹರ್ಟ್ಸ್ ಬ್ಯಾಂಡಿನ 574, 5 ಗಿಗಾಹರ್ಟ್ಸ್ ಬ್ಯಾಂಡಿನ 2402 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಎರಡನ್ನೂ ಕೂಡಿಸಿ ದುಂಡಗೆ ಮಾಡಿದ ಅಂಕೆ. ವೈಫೈ 6ರಲ್ಲಿ (ಎಎಕ್ಸ್ ಅಂದರೆ ಇದೇ) ಒಂದು ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿ ಇರುತ್ತದೆ, ಹಾಗಾಗಿ ಆ ಮೊತ್ತ ಯಾವ ಲ್ಯಾಪ್‌ಟಾಪ್‌ಗೂ ಸಿಗುವುದಿಲ್ಲ. 2402 ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಇದ್ದರೆ ಮಾತ್ರ, 80ಕ್ಕೆ ಇಳಿದರೆ 1201. ನನ್ನ ಲ್ಯಾಪ್‌ಟಾಪ್ ಹಳೆಯದು, ವೈಫೈ 5, ಎರಡು ಆಂಟೆನಾ, ಅದರ ಗರಿಷ್ಠ ಲಿಂಕ್ ಸ್ಪೀಡ್ 867 ಎಂಬಿಪಿಎಸ್. ಇದು ಬಿಟ್ ಲೆಕ್ಕ. ಕಾಪಿ ಆಗುವಾಗ ತೆರೆಯ ಮೇಲೆ ಕಾಣುವುದು ಬೈಟ್ ಲೆಕ್ಕ, 8ರಿಂದ ಭಾಗಿಸಿದರೆ 108 ಚಿಲ್ಲರೆ. ಅಷ್ಟೂ ಬರುವುದಿಲ್ಲ. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಸರದಿ ಕಾಯಬೇಕು, ಕಳಿಸಿದ್ದು ತಲುಪಿತು ಅಂತ ಆ ಕಡೆಯಿಂದ ಉತ್ತರ ಬರಬೇಕು, ಇದಕ್ಕೆಲ್ಲ ಅರ್ಧಕ್ಕೆ ಹತ್ತಿರದಷ್ಟು ಹೊತ್ತು ಹೋಗುತ್ತದೆ. ಸೆಕೆಂಡಿಗೆ 55ರಿಂದ 65 ಎಂಬಿ ಬಂದರೆ ರೂಟರ್ ಸರಿಯಾಗಿಯೇ ಇದೆ.

ನನಗೆ ಮೊದಮೊದಲು ಬರುತ್ತಿದ್ದದ್ದು 11.

ಆ 11 ಅಲುಗಾಡುತ್ತಲೇ ಇರಲಿಲ್ಲ, ಸುಳಿವು ಸಿಕ್ಕಿದ್ದೂ ಅಲ್ಲೇ. ಸಿಗ್ನಲ್ ತೊಂದರೆ ಇದ್ದರೆ ವೇಗ 40ಕ್ಕೆ ಹೋಗಿ 6ಕ್ಕೆ ಬಿದ್ದು ಮತ್ತೆ 25ಕ್ಕೆ ಏರುತ್ತದೆ. ಗೆರೆ ಎಳೆದ ಹಾಗೆ 11, 12ರ ಹತ್ತಿರ ನಿಂತರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ತಂತಿ ಇದೆ ಅಂತ ಅನುಮಾನ ಪಡಿ, 100ನ್ನು 8ರಿಂದ ಭಾಗಿಸಿದರೆ 12.5 ತಾನೇ. ರೂಟರ್‌ನಿಂದ ನ್ಯಾಸ್‌ಗೆ ಹೋಗುವ ಕೇಬಲ್ ಕನೆಕ್ಟರ್ ಹತ್ತಿರ ಮುರಿದಿತ್ತು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು, ಹಾಗಾಗಿ ಆ ಎರಡು ಜೋಡಿ ಬಿಟ್ಟು ಉಳಿದವುಗಳಲ್ಲಿ ಒಂದು ಎಳೆ ತುಂಡಾದರೂ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಈ ರೂಟರ್ ಬಗ್ಗೆ ನನ್ನ ಮೊದಲ ದೂರು ಇದೇ: ಯಾವ ಪೋರ್ಟ್ ಎಷ್ಟು ವೇಗದಲ್ಲಿದೆ ಅನ್ನುವ ಸಾಲನ್ನು ಮೆನುವಿನ ಒಳಗಿನ ಮೆನುವಿನಲ್ಲಿ ಅಡಗಿಸಿಟ್ಟಿದ್ದಾರೆ, ಆ್ಯಪ್‌ನಲ್ಲಂತೂ ಅದು ಇಲ್ಲವೇ ಇಲ್ಲ. ಬಣ್ಣಬಣ್ಣದ ಸ್ಪೀಡ್ ಟೆಸ್ಟ್ ಮಾತ್ರ ಮುಖಪುಟದಲ್ಲೇ ಇದೆ. ಕೇಬಲ್ ಬದಲಿಸಿದ ತಕ್ಷಣ 58 ಬಂತು.

ಎರಡನೆಯ ದೂರು ಸ್ಮಾರ್ಟ್ ಕನೆಕ್ಟ್. ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟು, ಯಾವುದು ಒಳ್ಳೆಯದೋ ಅದಕ್ಕೆ ಸೇರಿಸುತ್ತೇನೆ ಅನ್ನುತ್ತದೆ. ಫೋನ್‌ಗಳಿಗೆ ಪರವಾಗಿಲ್ಲ. ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದರೆ ಮಾತ್ರ ಆಗಾಗ 2.4ಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಪಕ್ಕದಲ್ಲೇ ರೂಟರ್ ಇದ್ದರೂ ಸರಿ, ಕಡ್ಡಿಗಳೆಲ್ಲ ತುಂಬಿರುತ್ತವೆ, ವೇಗ ಮಾತ್ರ ಇರುವುದಿಲ್ಲ. ಕಡ್ಡಿ ನೋಡಿ ನಂಬಬೇಡಿ. ವಿಂಡೋಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ಪುಟದಲ್ಲಿ ಬ್ಯಾಂಡ್, ಲಿಂಕ್ ಸ್ಪೀಡ್ ಎರಡೂ ಇರುತ್ತವೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಕೊಂಡು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಸಿಗುತ್ತದೆ. ನಾನು ಸ್ಮಾರ್ಟ್ ಕನೆಕ್ಟ್ ಆಫ್ ಮಾಡಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ, ಲ್ಯಾಪ್‌ಟಾಪ್‌ಗೆ 5ರ ಹೆಸರು ಮಾತ್ರ ಗೊತ್ತು. ಒಂದು ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಅದು ತಾನಾಗಿ ಮತ್ತೆ ಆನ್ ಆಗಿತ್ತು, ಕೇಳದೆ! ಈಗ ಪ್ರತಿ ಅಪ್‌ಡೇಟ್ ಆದ ಮೇಲೂ ಆ ಪುಟ ತೆರೆದು ನೋಡುತ್ತೇನೆ. ನಿಮಗೆ 2.4 ಬಿಟ್ಟರೆ ಗತಿಯಿಲ್ಲ ಅಂದರೆ ಚಾನೆಲ್ 1, 6, 11ರಲ್ಲಿ ಒಂದನ್ನು ಹಿಡಿಯಿರಿ, ಅವು ಮೂರೂ ಒಂದರ ಮೇಲೊಂದು ಬೀಳುವುದಿಲ್ಲ. ಸೆಕ್ಯುರಿಟಿ ಸೆಟ್ಟಿಂಗ್ ಟಿಕೆಐಪಿ ಅನ್ನುವ ಹಳೆಯ ಎನ್‌ಕ್ರಿಪ್ಷನ್ ವಿಧಾನದಲ್ಲಿದ್ದರೆ ವೇಗ 54 ಎಂಬಿಪಿಎಸ್ ದಾಟುವುದಿಲ್ಲ, ಅದನ್ನೂ ಒಮ್ಮೆ ನೋಡಿ.

160 ಮೆಗಾಹರ್ಟ್ಸ್ ಆಸೆಗೆ ಇದನ್ನು ಕೊಳ್ಳುವವರು ಸ್ವಲ್ಪ ನಿಲ್ಲಿ. 36ರಿಂದ 64ರವರೆಗಿನ ಚಾನೆಲ್‌ಗಳನ್ನು ಪೂರ್ತಿ ಸೇರಿಸಿದರೆ ಒಂದು 160 ಆಗುತ್ತದೆ, ಅದರ ಮೇಲಿನ ಅರ್ಧ ರೇಡಾರ್‌ಗಳ ಜೊತೆ ಹಂಚಿಕೊಂಡಿರುವ ಜಾಗ. ರೇಡಾರ್ ಸದ್ದು ಕೇಳಿದೆ ಅಂತ ರೂಟರ್‌ಗೆ ಅನ್ನಿಸಿದರೆ ಅದು ಆ ಚಾನೆಲ್ ಬಿಟ್ಟು ಹೋಗಲೇಬೇಕು. ಅಂಥ ಚಾನೆಲ್ ಹಿಡಿಯುವ ಮುಂಚೆ ಕನಿಷ್ಠ 60 ಸೆಕೆಂಡ್ ಸುಮ್ನೆ ಕಿವಿಗೊಟ್ಟು ಕೂರಬೇಕು. ವೈಫೈ 6 ಇರುವ ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ 160 ಇಟ್ಟಾಗ ವೇಗ ಚೆನ್ನಾಗಿ ಬಂತು, ಆದರೆ ದೊಡ್ಡ ಕಾಪಿ ನಡುವೆ ಕಡಿದುಹೋಗುವುದು ಮಾಮೂಲಾಯಿತು. ಕೊನೆಗೆ 80ಕ್ಕೇ ಬಿಟ್ಟಿದ್ದೇನೆ.

ರೂಟರ್ ಹಿಂದಿನ ಯುಎಸ್‌ಬಿ ಪೋರ್ಟ್ ಬಗ್ಗೆ ಎರಡೇ ಮಾತು. ಹೆಸರಿಗೆ ಯುಎಸ್‌ಬಿ 3, ಅದಕ್ಕೆ ಡಿಸ್ಕ್ ಹಾಕಿ ಹಂಚಿಕೊಂಡರೆ ಸೆಕೆಂಡಿಗೆ 25 ಎಂಬಿ ದಾಟುವುದಿಲ್ಲ, ರೂಟರ್‌ನ ಪುಟ್ಟ ಪ್ರೊಸೆಸರ್ ಅಲ್ಲೇ ಸುಸ್ತಾಗುತ್ತದೆ. ಜೊತೆಗೆ ಯುಎಸ್‌ಬಿ 3 ಡಿಸ್ಕ್ ಮತ್ತು ಅದರ ಕೇಬಲ್ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹುಟ್ಟಿಸುತ್ತವೆ, ಆ ಪೋರ್ಟನ್ನು ಆಂಟೆನಾ ಪಕ್ಕದಲ್ಲೇ ಇಡುವುದು ಯಾರಿಗೆ ಹೊಳೆಯಿತೋ.

ರೂಟರ್ ಮೇಲೆ ಸಿಟ್ಟಾಗುವ ಮುಂಚೆ ಐಪರ್ಫ್3 ಅನ್ನುವ ವೇಗ ಅಳೆಯುವ ಪ್ರೋಗ್ರಾಂ ಒಂದು ಸಲ ಓಡಿಸಿ. ಒಂದು ಯಂತ್ರದಲ್ಲಿ ಸರ್ವರ್, ಇನ್ನೊಂದರಲ್ಲಿ ಕ್ಲೈಂಟ್, ಅಷ್ಟೇ. ಅದು ಡಿಸ್ಕ್ ಮುಟ್ಟುವುದಿಲ್ಲ, ಬರೀ ನೆಟ್‌ವರ್ಕ್ ಅಳೆಯುತ್ತದೆ. ಅಲ್ಲಿ 450, 500 ಎಂಬಿಪಿಎಸ್ ಬಂದು ಕಾಪಿ ಮಾತ್ರ ನಿಧಾನವಾದರೆ ತಪ್ಪು ವೈಫೈನದಲ್ಲ. ನನ್ನ ಫೋಟೊ ಫೋಲ್ಡರ್‌ಗಳಲ್ಲಿ ಹೀಗೇ ಆಗುತ್ತಿತ್ತು: ಒಂದು ದೊಡ್ಡ ವಿಡಿಯೊ 58ರಲ್ಲಿ ಹೋಗುತ್ತದೆ, ಸಾವಿರಾರು ಚಿಕ್ಕ ಥಂಬ್‌ನೇಲ್ ಇರುವ ಫೋಲ್ಡರ್ 4ಕ್ಕೆ ಕುಸಿಯುತ್ತದೆ, ಯಾಕೆಂದರೆ ಪ್ರತಿ ಫೈಲ್‌ಗೂ ತೆರೆ, ಬರೆ, ಮುಚ್ಚು, ತಾರೀಖು ಹಾಕು ಅಂತ ಬೇರೆ ಬೇರೆ ಹೋಗಿಬರುವಿಕೆ ಇದೆ, ಇವುಗಳ ನಡುವೆ ವೈಫೈ ಖಾಲಿ ಕೂತಿರುತ್ತದೆ. ಇದಕ್ಕೆ ಎಷ್ಟು ದುಬಾರಿ ರೂಟರ್ ತಂದರೂ ಪ್ರಯೋಜನ ಕಡಿಮೆ. ಅವನ್ನೆಲ್ಲ ಕುಗ್ಗಿಸದೆ ಒಂದೇ ಜಿಪ್ ಮಾಡಿ ಕಳಿಸಿ. ವಿಂಡೋಸ್‌ನವರು ಅದರಲ್ಲೇ ಇರುವ ರೋಬೋಕಾಪಿ ಕಮಾಂಡನ್ನು ಎಂಟಿ (/MT) ಆಯ್ಕೆ ಜೊತೆ ಬಳಸಬಹುದು, ಒಟ್ಟಿಗೆ ಹಲವು ಫೈಲ್ ಹೋಗುತ್ತವೆ.

ಇನ್ನೊಂದು ವಿಷಯ, ಎರಡೂ ಕಡೆ ವೈಫೈನಲ್ಲಿದ್ದರೆ, ಅಂದರೆ ಲ್ಯಾಪ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಅಂದುಕೊಳ್ಳಿ, ಅದೇ ಡೇಟಾ ಒಮ್ಮೆ ರೂಟರ್‌ಗೆ ಹೋಗಿ ಮತ್ತೊಮ್ಮೆ ಅದೇ ಚಾನೆಲ್‌ನಲ್ಲಿ ಹೊರಗೆ ಬರಬೇಕು, ವೇಗ ಅಲ್ಲೇ ಅರ್ಧ. ಸಿಗ್ನಲ್ ದೂರಕ್ಕೆ ಮುಟ್ಟಿಸುವ ಎಕ್ಸ್‌ಟೆಂಡರ್ ನಡುವೆ ಬಂದರೂ ಇದೇ ಕತೆ. ಒಂದು ಕಡೆಯಾದರೂ ತಂತಿ ಇರಲಿ.

ವೈಫೈಗೆ 5ರಲ್ಲಿ 4 ಕೊಡುತ್ತೇನೆ, ಎರಡು ವರ್ಷದಲ್ಲಿ ತಾನಾಗಿ ಹ್ಯಾಂಗ್ ಆಗಿದ್ದು ನೆನಪಿಲ್ಲ. ಮೆನುಗಳಿಗೆ 2, ಯುಎಸ್‌ಬಿ ಪೋರ್ಟ್‌ಗೆ 1, ಅದೂ ಪ್ರಿಂಟರ್ ಹಾಕಬಹುದು ಅಂತ. 60 ಜಿಬಿ ಇರುವ ದಿನ ಮಾತ್ರ ಈಗೀಗ ನಾನು ವೈಫೈ ತಂಟೆಗೇ ಹೋಗುವುದಿಲ್ಲ, ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದರೆ ಸೆಕೆಂಡಿಗೆ 110 ಎಂಬಿ ನಿರಾಯಾಸ ಬರುತ್ತದೆ. ಈಥರ್ನೆಟ್ ಪೋರ್ಟ್ ಇಲ್ಲದವರು ಅಡಾಪ್ಟರ್ ಕೊಳ್ಳುವಾಗ ಯುಎಸ್‌ಬಿ 3 ಇರುವುದನ್ನೇ ನೋಡಿ ತೆಗೆದುಕೊಳ್ಳಿ, ಯುಎಸ್‌ಬಿ 2ರ ಮಿತಿ 480 ಎಂಬಿಪಿಎಸ್, ಅದೂ ಪೂರ್ತಿ ಸಿಗುವುದಿಲ್ಲ, ಆಗ ತಂತಿ ಹಾಕಿಯೂ ವೈಫೈಗಿಂತ ಹಿಂದೆ ಬೀಳುತ್ತೀರಿ.