ಒಂದೇ ಚಾಪರ್ ಫ್ರೇಮಿಗೆ ಮೂರು ಮೋಟಾರು

ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಉದ್ದ ಮಾಡಿ ಬಾಗಿಸಿದ ತಗ್ಗು ಸೈಕಲ್ಲು, ಅಂದರೆ ಚಾಪರ್ ಸೈಕಲ್ಲಿಗೆ ಮೋಟಾರು ಹಾಕಲು ಹೊರಟವರು ಮೊದಲು ಕೇಳುವುದು ಎಷ್ಟು ಸಿಸಿ, ಎಷ್ಟು ವ್ಯಾಟ್ ಅಂತ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಹಳೆಯ ಎರಡು ಉಕ್ಕಿನ ಫ್ರೇಮು ಕೊಯ್ದು, ಬೆಸೆದು, ಒಂದು ಚಾಪರ್ ಮಾಡಿಕೊಂಡೆ. ಅದಕ್ಕೆ ಒಂದಾದ ಮೇಲೊಂದರಂತೆ ಪೆಟ್ರೋಲ್ ಎಂಜಿನ್, ಪೆಡಲಿಗೆ ಸೇರುವ ವಿದ್ಯುತ್ ಮೋಟಾರು (ಮಿಡ್ ಡ್ರೈವ್), ಹಿಂದಿನ ಚಕ್ರದ ನಡುವೆಯೇ ಇರುವ ಹಬ್ ಮೋಟಾರ್ ಮೂರನ್ನೂ ಕೂರಿಸಿ ಓಡಿಸಿದೆ. ಮೂರರಲ್ಲೂ ಶಕ್ತಿ ಸಾಕಷ್ಟಿತ್ತು. ಭಾರ ಎಲ್ಲಿ ಕೂರುತ್ತದೆ, ನಿಧಾನದಲ್ಲಿ ಎಷ್ಟು ಮೆತ್ತಗೆ ಎಳೆಯುತ್ತದೆ ಅನ್ನುವುದರಲ್ಲೇ ಅವುಗಳ ಗುಣ ತಿಳಿದದ್ದು.

ಇದಕ್ಕೆ ಕಾರಣ ಆ ಉದ್ದದ ಫೋರ್ಕು. ಮಾಮೂಲಿ ಸೈಕಲ್ಲಿನ ಹೆಡ್ ಟ್ಯೂಬ್ (ಫೋರ್ಕಿನ ಮೇಲ್ತುದಿ ಹಾದುಹೋಗುವ ಫ್ರೇಮಿನ ಮುಂದಿನ ಕೊಳವೆ) ನೆಲಕ್ಕೆ 71 ಡಿಗ್ರಿ ಆಸುಪಾಸಿನಲ್ಲಿ ನಿಂತಿರುತ್ತದೆ. ನನ್ನದು 55ಕ್ಕೆ ಬಾಗಿದೆ. ಹ್ಯಾಂಡಲ್ ತಿರುಗುವ ಗೆರೆಯನ್ನು ಕೆಳಗೆ ಎಳೆದರೆ ಅದು ನೆಲ ಮುಟ್ಟುವ ಜಾಗ ಒಂದು, ಟೈರು ನೆಲ ಮುಟ್ಟುವ ಜಾಗ ಇನ್ನೊಂದು. ಇವೆರಡರ ನಡುವಿನ ದೂರವೇ ಟ್ರೇಲ್. 26 ಇಂಚಿನ ಚಕ್ರ, 45 ಮಿ.ಮೀ. ಆಫ್‌ಸೆಟ್ (ಆ ಗೆರೆಗಿಂತ ಚಕ್ರದ ಅಚ್ಚು ಮುಂದಿರುವ ದೂರ) ಇಟ್ಟುಕೊಂಡು ಲೆಕ್ಕ ಹಾಕಿದರೆ ಟ್ರೇಲ್ ಸುಮಾರು 66 ಮಿ.ಮೀ.ನಿಂದ 176ಕ್ಕೆ ಏರುತ್ತದೆ. ವೇಗದಲ್ಲಿ ಇದು ಒಳ್ಳೆಯದೇ, ಸೈಕಲ್ಲು ಹಳಿಯ ಮೇಲೆ ಹೋದ ಹಾಗೆ ನೇರ ಹೋಗುತ್ತದೆ. ಆದರೆ ನಡಿಗೆಯ ವೇಗಕ್ಕೆ ಇಳಿದರೆ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ವಾಲುತ್ತದೆ, ಅದೂ ಮೊದಲಿಗಿಂತ ನಾಲ್ಕು ಪಟ್ಟು ಜಾಸ್ತಿ. ಆ ಹೊತ್ತಿನಲ್ಲಿ ಮೋಟಾರು ಜಗ್ಗಿತೋ, ಸೈಕಲ್ಲು ಎತ್ತಲೋ ಹೋಗುತ್ತದೆ.

ಮೊದಲು ಹಾಕಿದ್ದು ಎರಡು ಸ್ಟ್ರೋಕಿನ ಎಂಜಿನ್ ಕಿಟ್. 80 ಸಿಸಿ ಅಂತ ಮಾರುತ್ತಾರೆ. 47 ಮಿ.ಮೀ. ಬೋರು (ಸಿಲಿಂಡರಿನ ಒಳ ವ್ಯಾಸ), 38 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡುವ ದೂರ) ಇಟ್ಟು ಲೆಕ್ಕ ಹಾಕಿ ನೋಡಿದರೆ 66 ಸಿಸಿ ಮಾತ್ರ. ಅಂದಕ್ಕೆ ಇದನ್ನು ಮೀರಿಸಿದ್ದಿಲ್ಲ. ಫ್ರೇಮಿನ ಹೊಟ್ಟೆಯಲ್ಲಿ ಸಿಲಿಂಡರ್, ಪಕ್ಕದಲ್ಲಿ ಹೊಗೆ ಕೊಳವೆ. ಚಾಪರ್ ಅಂದರೆ ಹೀಗೇ ಇರಬೇಕು, ಅಲ್ವಾ? ಪೆಡಲ್ ತುಳಿದು ಕ್ಲಚ್ ಬಿಟ್ಟಾಗ ಅದು ಜೀವ ಹಿಡಿಯುವ ಆ ಕ್ಷಣ ನನಗೆ ಇವತ್ತಿಗೂ ಇಷ್ಟ.

ಆದರೆ ಅದರ ನಡುಕ ಸಾಮಾನ್ಯದ್ದಲ್ಲ. ಗೇರಿನ ಅನುಪಾತ ಎಂಜಿನ್ನಿನ ಒಳಗೆ 4.1, ಹೊರಗೆ 10 ಮತ್ತು 44 ಹಲ್ಲಿನ ಸ್ಪ್ರಾಕೆಟ್ಟಿನಿಂದ 4.4, ಒಟ್ಟು 18ಕ್ಕೆ 1, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ನಿನ 18 ಸುತ್ತು. ಗಂಟೆಗೆ 30 ಕಿ.ಮೀ. ಹೋಗಲು ಎಂಜಿನ್ನು ನಿಮಿಷಕ್ಕೆ 4,300 ಸುತ್ತಿಗಿಂತ ಹೆಚ್ಚು ತಿರುಗಬೇಕು. ಕೈ ಜೋಮು ಹಿಡಿಯುತ್ತಿತ್ತು. ವಾರಕ್ಕೊಮ್ಮೆ ಯಾವುದಾದರೂ ನಟ್ಟು ಸಡಿಲ. ಒಂದು ದಿನ ಹೆಡ್ ಟ್ಯೂಬಿನ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಹಿಂದಿನ ಸ್ಪ್ರಾಕೆಟ್ಟನ್ನು 36 ಹಲ್ಲಿನದಕ್ಕೆ ಬದಲಿಸಿದೆ. ಅದೇ ವೇಗಕ್ಕೆ 3,600ರ ಹತ್ತಿರ ಸುತ್ತು ಸಾಕಾಯಿತು. ನಡುಕ ಅರ್ಧ ಇಳಿದ ಹಾಗೆ ಅನ್ನಿಸಿತು, ಆದರೆ ಹೊರಡುವಾಗ ಇನ್ನಷ್ಟು ತುಳಿಯಬೇಕಾಯಿತು.

ಇದಕ್ಕಿಂತ ಭಯ ಹುಟ್ಟಿಸಿದ್ದು ಚೈನ್ ಟೆನ್ಷನರ್. ಚೈನನ್ನು ಬಿಗಿಯಾಗಿ ಹಿಡಿಯಲು ಕಿಟ್ಟಿನಲ್ಲಿ ಬರುವ ಆ ರೋಲರ್ ಫ್ರೇಮಿನ ಕೊಳವೆಗೆ ಬರೀ ಕಚ್ಚಿಕೊಂಡಿರುತ್ತದೆ. ನನ್ನದು ಒಮ್ಮೆ ತಿರುಗಿ ಸ್ಪೋಕ್ ಕಡ್ಡಿಗಳ ಒಳಕ್ಕೆ ಹೋಯಿತು. ಹಿಂದಿನ ಚಕ್ರ ಅಲ್ಲೇ ಲಾಕ್. ನಿಧಾನ ಹೋಗುತ್ತಿದ್ದೆ, ಮೊಣಕೈ ತರಚಿದ್ದಷ್ಟೇ. ಎಂಜಿನ್ ಹಾಕುವವರು ದಯವಿಟ್ಟು ಆ ಬ್ರಾಕೆಟ್ಟನ್ನು ಬೆಸೆಯಿರಿ. ಸ್ಪ್ರಾಕೆಟ್ಟನ್ನೂ ಒಂಬತ್ತು ಬೋಲ್ಟು, ರಬ್ಬರ್ ತುಂಡು ಹಾಕಿ ಕಡ್ಡಿಗೆ ಬಿಗಿಯುವ ಬದಲು ಚಕ್ರದ ನಡುವಿನ ಹಬ್ಬನ್ನೇ ಹಿಡಿಯುವ ಅಡಾಪ್ಟರ್ ಬಳಸಿ. ಚಕ್ರ ತಿರುಗುವಾಗ ಸ್ಪ್ರಾಕೆಟ್ ತೂರಾಡುವುದು ನಿಲ್ಲುತ್ತದೆ.

ಮಿಡ್ ಡ್ರೈವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೋಟಾರು ಪೆಡಲಿನ ಬುಡದಲ್ಲೇ ಕೂರುತ್ತದೆ. ಭಾರ ಕೆಳಗೆ, ಮಧ್ಯಕ್ಕೆ. ಗೇರುಗಳನ್ನೂ ಬಳಸಿಕೊಳ್ಳುವುದರಿಂದ ದಿಬ್ಬ ಹತ್ತುವುದರಲ್ಲಿ ಮೂರರಲ್ಲಿ ಇದೇ ಮೇಲು. ಆದರೆ ನನ್ನ ಫ್ರೇಮಿನ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಕೊಳವೆ) ಒಂದೇ ತುಂಡಿನ ಕ್ರ್ಯಾಂಕಿನದ್ದು, ಒಳ ವ್ಯಾಸ 51.3 ಮಿ.ಮೀ. ಮೋಟಾರಿನದ್ದು ಅದಕ್ಕಿಂತ ಸಣ್ಣದು, ಹಾಗಾಗಿ ಅಡಾಪ್ಟರ್ ಬೇಕಾಯಿತು. ಪೆಡಲ್ ಮುಂದಕ್ಕೆ ಚಾಚಿರುವುದರಿಂದ ಎರಡು ಚೈನು ಜೋಡಿಸಿದರೂ ನಡುವೆ ಜೋತು ಬೀಳುತ್ತಿತ್ತು. ಸ್ಕೇಟ್‌ಬೋರ್ಡಿನ ಗಾಲಿ ಕೊಟ್ಟು ಎತ್ತಿ ಹಿಡಿಸಿದೆ. ಅಷ್ಟು ಉದ್ದದ ಚೈನಿನ ಮೇಲೆ ಮೋಟಾರಿನ ಬಲವೆಲ್ಲ ಬೀಳುವುದು ನನಗೆ ಸರಿಬರಲಿಲ್ಲ. ತಗ್ಗು ಚಾಪರಿನಲ್ಲಿ ಮೋಟಾರಿನ ಹೊಟ್ಟೆ ನೆಲಕ್ಕೆ ತೀರಾ ಹತ್ತಿರವೂ ಆಗುತ್ತದೆ. ಎರಡು ಸಲ ಉಬ್ಬಿಗೆ ಉಜ್ಜಿದ ಮೇಲೆ ತೆಗೆದುಬಿಟ್ಟೆ.

ಈಗ ಇರುವುದು 48 ವೋಲ್ಟಿನ, 1,000 ವ್ಯಾಟಿನ ಡೈರೆಕ್ಟ್ ಡ್ರೈವ್ ಹಬ್. ಒಳಗೆ ಗೇರಿಲ್ಲ, ಸವೆಯುವುದು ಬೇರಿಂಗ್ ಮಾತ್ರ. ಕೂರಿಸುವುದು ಸುಲಭ ಅಂತಾರೆ, ಅಷ್ಟು ಸುಲಭವಲ್ಲ. ಹಬ್ಬಿಗೆ 135 ಮಿ.ಮೀ. ಜಾಗ ಬೇಕು, ನನ್ನ ಫ್ರೇಮಿನಲ್ಲಿ 120 ಇತ್ತು. ಉಕ್ಕು ಆದ್ದರಿಂದ ನಿಧಾನವಾಗಿ ಅಗಲಿಸಲು ಆಯಿತು. ಅಲ್ಯೂಮಿನಿಯಂ ಆಗಿದ್ದರೆ ಆ ಪ್ರಯತ್ನವನ್ನೇ ಮಾಡಬಾರದು.

ಟಾರ್ಕ್ ಆರ್ಮ್, ಅಂದರೆ ಅಚ್ಚು ತಿರುಗದಂತೆ ಫ್ರೇಮಿಗೆ ಬಿಗಿಯುವ ಪಟ್ಟಿ, ಹಾಕದೆ ಹಬ್ ಮೋಟಾರು ಓಡಿಸಬೇಡಿ. ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳುವಾಗ ಅಚ್ಚನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಿರುಚುತ್ತದೆ. 40 ನ್ಯೂಟನ್ ಮೀಟರ್ ಟಾರ್ಕನ್ನು ಅಚ್ಚಿನ ಚಪ್ಪಟೆ ಭಾಗ 10 ಮಿ.ಮೀ. ಅಂತರದಲ್ಲಿ ತಡೆಯಬೇಕು ಅಂದರೆ 4,000 ನ್ಯೂಟನ್, ಸುಮಾರು 400 ಕೆ.ಜಿ. ಭಾರ ಅಚ್ಚು ಕೂರುವ ಫ್ರೇಮಿನ ಆ ಪುಟ್ಟ ಸೀಳಿನ (ಡ್ರಾಪ್ಔಟ್) ಮೇಲೆ. ಅದೇ 100 ಮಿ.ಮೀ. ಉದ್ದದ ಪಟ್ಟಿ ಕೊಟ್ಟು ಫ್ರೇಮಿಗೆ ಬಿಗಿದರೆ 40 ಕೆ.ಜಿ.ಗೆ ಇಳಿಯುತ್ತದೆ. ಮೊದಲ ವಾರ ನಾನು ವಾಷರ್ ನಂಬಿಕೊಂಡು ಹೊರಟಿದ್ದೆ. ಅಚ್ಚು ತಿರುಗಿ ಮೋಟಾರಿನ ತಂತಿಗಳು ಹಗ್ಗದ ಹಾಗೆ ಹೊಸೆದು ಹೋದವು. ಬ್ರೇಕ್ ಹಿಡಿದಾಗ ಬ್ಯಾಟರಿಗೆ ಚಾರ್ಜ್ ಹೋಗುವ ಸೌಲಭ್ಯ ಇದ್ದರೆ ತಿರುಚು ಎರಡೂ ಕಡೆಗೆ ಬೀಳುತ್ತದೆ, ನಟ್ಟು ಬೇಗ ಸಡಿಲವಾಗುತ್ತದೆ. ಆಗ ಎರಡೂ ಪಕ್ಕಕ್ಕೆ ಪಟ್ಟಿ ಹಾಕಿ.

ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರಾಗಿತ್ತು. ಮೊದಲು ಬ್ಯಾಟರಿಯೂ ಸೀಟಿನ ಹಿಂದೆಯೇ ಇತ್ತು, ತಿರುವಿನಲ್ಲಿ ಮುಂದಿನ ಟೈರು ಹಿಡಿತ ಬಿಡುತ್ತಿತ್ತು. 48 ವೋಲ್ಟ್, 15 ಆಂಪಿಯರ್ ಅವರ್, ಅಂದರೆ 720 ವ್ಯಾಟ್ ಅವರಿನ ಆ ಬ್ಯಾಟರಿಯನ್ನು ಫ್ರೇಮಿನ ಕೆಳಗಿನ ಓರೆ ಕೊಳವೆಯ (ಡೌನ್ ಟ್ಯೂಬ್) ಬುಡಕ್ಕೆ ತಂದ ದಿನ ಬೇರೆಯೇ ಸೈಕಲ್ಲು ಹತ್ತಿದ ಹಾಗಾಯಿತು. ಇನ್ನೊಂದು ಬದಲಾವಣೆ ಕಂಟ್ರೋಲರ್, ಬ್ಯಾಟರಿಯಿಂದ ಮೋಟಾರಿಗೆ ಕರೆಂಟು ಕೊಡುವ ಪೆಟ್ಟಿಗೆ. ಮೊದಲಿದ್ದ, ಕರೆಂಟನ್ನು ಮೆಟ್ಟಿಲಿನಂತೆ ಏರಿಳಿಸುವ ಸ್ಕ್ವೇರ್ ವೇವ್ ಕಂಟ್ರೋಲರ್ ಥ್ರಾಟಲ್ ಮುಟ್ಟಿದ ಕೂಡಲೇ ಜಗ್ಗುತ್ತಿತ್ತು. ಮೆತ್ತಗೆ ಏರಿಳಿಸುವ ಸೈನ್ ವೇವ್ ಹಾಕಿದ ಮೇಲೆ ನಡಿಗೆಯ ವೇಗದಲ್ಲೂ ಸದ್ದಿಲ್ಲದೆ ಎಳೆಯುತ್ತದೆ. ಹ್ಯಾಂಡಲ್ ವಾಲುವ ಕಷ್ಟ ಅರ್ಧ ಅಲ್ಲಿಗೇ ತೀರಿತು.

ಉದ್ದನೆಯ ದಿಬ್ಬದಲ್ಲಿ ಈ ಹಬ್ ಬಿಸಿಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ದಿನಾ ಏರು ಹತ್ತುವವರು ಮಿಡ್ ಡ್ರೈವನ್ನೇ ನೋಡಿ, ಫ್ರೇಮು ಸ್ವಲ್ಪ ಎತ್ತರ ಮಾಡಿಕೊಳ್ಳಿ. ಸಮತಟ್ಟು ದಾರಿಗೆ, ಬಾಗಿದ ಫೋರ್ಕಿಗೆ ನನ್ನ ಆಯ್ಕೆ ಹಬ್ಬೇ. ಯಾವುದೇ ಹಾಕಿದರೂ ಫೋರ್ಕಿನ ಕಾಲು ಉದ್ದ ಮಾಡುವಾಗ ತುದಿಗೆ ತುದಿ ಬೆಸೆಯಬೇಡಿ, ಒಳಗೊಂದು ಕೊಳವೆ ತೂರಿಸಿ ಬೆಸೆಯಿರಿ.

ಆ 66 ಸಿಸಿ ಎಂಜಿನ್ನನ್ನು ಕೊಟ್ಟಿಲ್ಲ. ಸಿಲಿಂಡರಿಗೆ ಎರಡು ಹನಿ ಎಣ್ಣೆ ಬಿಟ್ಟು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. 68 ಡಿಗ್ರಿಯ ಗಟ್ಟಿ ಫ್ರೇಮೊಂದು ಕೈಗೆ ಬಂದರೆ, 36 ಹಲ್ಲಿನ ಸ್ಪ್ರಾಕೆಟ್ ಜೊತೆ ಅದಕ್ಕೆ ಕೂರಿಸುತ್ತೇನೆ.