ತ್ಸಿಫಾನ್‌ತುವಾನ್: ಗಾಡಿಯದ್ದಾ, ಫ್ರಿಜ್‌ನದ್ದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಮ್ಮ ಗಲ್ಲಿಯ ಗಾಡಿಗೆ.

ಕೆಲಸಕ್ಕೆ ಅಂತ ಶಾಂಘೈಗೆ ಬಂದು ಎರಡು ವರ್ಷ ಆಯಿತು. ಬೆಳಗ್ಗೆ ನನ್ನ ತಿಂಡಿ ತ್ಸಿಫಾನ್‌ತುವಾನ್, ಅಂದರೆ ಅಂಟಕ್ಕಿ ಅನ್ನದ ಉಂಡೆ. ರಾತ್ರಿ ನೆನೆಸಿಟ್ಟ ಅಂಟಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಆ ಬಿಸಿ ಅನ್ನವನ್ನು ಬಟ್ಟೆಯ ಮೇಲೆ ಹರಡುತ್ತಾರೆ. ಮೇಲೆ ಉಪ್ಪಿನಲ್ಲಿ ಹಾಕಿದ ಜಾತ್ಸೈ ತರಕಾರಿ, ನಡುವೆ ಯೋತ್ಯಾವ್. ಯೋತ್ಯಾವ್ ಅಂದರೆ ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕೋಲು. ಕೊನೆಗೆ ಬಟ್ಟೆ ಸಮೇತ ಸುತ್ತಿ, ಒತ್ತಿ ಉಂಡೆ ಮಾಡುತ್ತಾರೆ. ರೊಟ್ಟಿಯಂಥ ದಾಬಿಂಗ್, ಯೋತ್ಯಾವ್, ಸೋಯಾ ಹಾಲು ಮತ್ತು ಈ ಅಂಟಕ್ಕಿ ಅನ್ನ, ಈ ನಾಲ್ಕಕ್ಕೂ ಬೌದ್ಧ ಗುಡಿಯ ಬಾಗಿಲು ಕಾಯುವ ನಾಲ್ವರ ಹೆಸರನ್ನೇ ಇಟ್ಟಿದ್ದಾರೆ ಇಲ್ಲಿನವರು. ಶಾಂಘೈ ತಿಂಡಿಯಲ್ಲಿ ಇವುಗಳ ಸ್ಥಾನ ಅಷ್ಟು ದೊಡ್ಡದು.

ಹೋದ ಜೂನ್‌ನಲ್ಲಿ ಮಳೆ ಹಿಡಿದುಕೊಂಡಿತು. ಗಾಡಿ ಬರಲಿಲ್ಲ. ಮೆಟ್ರೋ ಪಕ್ಕದ ಅಂಗಡಿಯ ಫ್ರಿಜ್‌ನಿಂದ ಇದೇ ಉಂಡೆಯ ಪ್ಯಾಕೆಟ್ ತೆಗೆದುಕೊಂಡೆ. ಐದು ದಿನ ತಿಂದೆ, ಆರನೇ ದಿನ ಆಗಲಿಲ್ಲ.

ತೊಂದರೆ ಎಲ್ಲಿ ಅಂದರೆ, ಅಂಟಕ್ಕಿಯ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಅಮೈಲೋಪೆಕ್ಟಿನ್, ಅನ್ನಕ್ಕೆ ಅಂಟು ಕೊಡುವ ಬಗೆಯ ಪಿಷ್ಟ. ಬಿಸಿ ಇದ್ದಾಗ ಮೆತ್ತಗೆ ಜಗಿಯಲು ಬರುತ್ತದೆ. ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ, ಅಗುಳು ಅಗುಳೇ ಹಲ್ಲಿಗೆ ಸಿಗುತ್ತದೆ. ಹಾಗಾಗಿ ಮೈಕ್ರೋವೇವ್‌ನಲ್ಲಿ ಇಡಲೇಬೇಕು. ಇಟ್ಟರೆ ಅನ್ನ ಸರಿಹೋಗುತ್ತದೆ, ಆದರೆ ಅದರ ಹಬೆಯನ್ನೆಲ್ಲ ಒಳಗಿನ ಯೋತ್ಯಾವ್ ಕುಡಿದು ತೊಗಲಿನ ಹಾಗೆ ಆಗುತ್ತದೆ. ಅನ್ನ ಉಳಿಸಿಕೊಂಡರೆ ಯೋತ್ಯಾವ್ ಹೋಯಿತು, ಯೋತ್ಯಾವ್ ನೋಡಿಕೊಂಡರೆ ಅನ್ನ ಹೋಯಿತು. 20 ಸೆಕೆಂಡ್, 30, 45, ಎಲ್ಲ ಮಾಡಿ ನೋಡಿದೆ. ಗರಿಗರಿ ಅನ್ನುವುದೇ ಇಲ್ಲದ ಮೇಲೆ ಈ ಉಂಡೆ ಯಾಕೆ ಬೇಕು, ಅಲ್ವಾ?

ಗಾಡಿಯ ಉಂಡೆಗೂ ಈ ಕಾಯಿಲೆ ತಪ್ಪಿದ್ದಲ್ಲ. ಕಾಲು ಗಂಟೆ ಚೀಲದಲ್ಲಿಟ್ಟರೆ ಅದೂ ಮೆತ್ತಗಾಗುತ್ತದೆ. ಅದಕ್ಕೇ ಗಾಡಿಯವರು ಯೋತ್ಯಾವ್ ಎರಡು ಸಲ ಕರಿಯುತ್ತಾರೆ, ಕೇಳಿದ ಮೇಲೇ ಸುತ್ತುತ್ತಾರೆ. ನನಗೆ ಮೆಟ್ರೋಗೆ ಹತ್ತು ನಿಮಿಷ ನಡಿಗೆ. ರೈಲಿನೊಳಗೆ ತಿನ್ನುವ ಹಾಗಿಲ್ಲ, ನಡೆಯುತ್ತಲೇ ಮುಗಿಸುತ್ತೇನೆ. ಕೊನೆಯ ತುತ್ತಿನವರೆಗೂ ಕರುಂ ಅನ್ನುತ್ತದೆ.

ಇನ್ನೊಂದು ಮುಖ್ಯ ವಿಷಯ. ನಾನು ಮಾಂಸ ತಿನ್ನುವುದಿಲ್ಲ. ಮಾಮೂಲಿ ಉಂಡೆಗೆ ರೌಸೊಂಗ್ ಹಾಕುತ್ತಾರೆ, ಹತ್ತಿಯ ಎಳೆಯಂತೆ ಒಣಗಿಸಿದ ಹಂದಿಮಾಂಸ. ಗಾಡಿಯಲ್ಲಿ "ಬೂ ಯಾವ್ ರೌಸೊಂಗ್" ಅಂದರೆ ಸಾಕು, ಬಿಟ್ಟು ಜಾತ್ಸೈ ಜಾಸ್ತಿ ಹಾಕುತ್ತಾರೆ. ಫ್ರಿಜ್‌ನಲ್ಲಿ ಮಾಂಸವಿಲ್ಲದ್ದು ಸಿಕ್ಕಿದ್ದು ಒಂದೇ ಬಗೆ. ಗಾಡಿಯಾಕೆಯನ್ನು ಎಲ್ಲರೂ "ಆಯಿ" ಅಂತ ಕರೆಯುತ್ತಾರೆ, ಇಲ್ಲಿ ಅದಕ್ಕೆ ಚಿಕ್ಕಮ್ಮ ಅಂತ ಅರ್ಥ. ಧಾರವಾಡದಲ್ಲಿ ನಾನು ಅಜ್ಜಿಯನ್ನು ಕರೆದದ್ದೂ ಆಯಿ ಅಂತಲೇ. ಮೊದಲ ದಿನ ಆ ಪದ ಕೇಳಿ ಸುಮ್ನೆ ನಿಂತುಬಿಟ್ಟಿದ್ದೆ.

ಸಕ್ಕರೆ, ಎಳ್ಳಿನ ಸಿಹಿ ಉಂಡೆಯೂ ಚೆನ್ನಾಗಿದೆ, ಭಾನುವಾರಕ್ಕೆ.

ಅಂಟಕ್ಕಿ ತುಂಬಿದ ಶಾವ್‌ಮೈ, ಅಂದರೆ ತೆಳು ಹಿಟ್ಟಿನ ಹಾಳೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡುಬು, ಅದರಲ್ಲಿ ಹೆಚ್ಚಿನ ಕಡೆ ಹಂದಿಮಾಂಸ ಇರುತ್ತದೆ, ನನಗೆ ಆಗುವುದಿಲ್ಲ. ತ್ಸಿಫಾನ್‌ಗಾವ್ ಬೇರೆ ಮಾತು. ಅಂಟಕ್ಕಿಗೆ ಮಾಮೂಲಿ ಅಕ್ಕಿ ಸೇರಿಸಿ, ಉಪ್ಪು ಹಾಕಿ ಬೇಯಿಸಿ, ಒತ್ತಿ, ಬಿಲ್ಲೆ ಕತ್ತರಿಸಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಎಣ್ಣೆ ಜಾಸ್ತಿ, ಒಂದಕ್ಕಿಂತ ಹೆಚ್ಚು ಬೇಡ.

ಗಾಡಿಯ ಉಂಡೆಗೆ ನಾನು ಕೊಡುವುದು 8 ಯುವಾನ್, ಸೋಯಾ ಹಾಲಿಗೆ 3. ಪ್ಯಾಕೆಟ್ಟಿಗೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ, ಆದರೆ ಹನ್ನೊಂದಕ್ಕೆ ಮತ್ತೆ ಹಸಿವು. ಗಾಡಿಯದ್ದು ಮಧ್ಯಾಹ್ನ ಒಂದರವರೆಗೆ ತಡೆಯುತ್ತದೆ. ಈ ಜೂನ್‌ನಲ್ಲಿ ಮಳೆ ಬಂದು ಗಾಡಿ ಬರದಿದ್ದರೆ ಮೂಲೆಯ ಅಂಗಡಿಯಲ್ಲಿ ಒಂದು ತ್ಸಿಫಾನ್‌ಗಾವ್ ತಿಂದು ಹೋಗುತ್ತೇನೆ. ಫ್ರಿಜ್ ಬಾಗಿಲು ಮಾತ್ರ ತೆಗೆಯುವುದಿಲ್ಲ.